ಹೊಳೆಯುತ್ತಿದ್ದ ಫಿನ್‌ಗಳು: ಬಿಸಿಯಾಗದ ಈಜುಕೊಳದ ಒಂದು ಪ್ರಕರಣ

ಇದು ಒಂದು ಮನೆಯ ಹಿತ್ತಲಲ್ಲಿರುವ ಈಜುಕೊಳದ ಕಥೆ. ಗುರುತು ಸಿಗದಂತೆ ಮನೆಯವರ ಬಗೆಗಿನ ಕೆಲವು ವಿವರ ಬಿಟ್ಟಿದ್ದೇನೆ. ಅಳತೆಗಳನ್ನು ಮಾತ್ರ ನನ್ನ ನೋಟ್‌ಬುಕ್ಕಿನಲ್ಲಿ ಇದ್ದಂತೆಯೇ ಕೊಟ್ಟಿದ್ದೇನೆ. ಈ ಪ್ರಕರಣದಲ್ಲಿ ಕಲಿಯೋಕೆ ಇರುವುದೆಲ್ಲ ಆ ಅಳತೆಗಳಲ್ಲೇ ಇದೆ.

ಹಿನ್ನೆಲೆ

ತೆರೆದ ಕೊಳ. ಉದ್ದ 8 ಮೀಟರ್, ಅಗಲ 4, ಸರಾಸರಿ ಆಳ ಒಂದೂವರೆ. ಲೆಕ್ಕ ಹಾಕಿದರೆ 48,000 ಲೀಟರ್ ನೀರು. ಪಕ್ಕದಲ್ಲಿ, ಬಯಲಿನಲ್ಲೇ, 12 ಕಿಲೋವಾಟ್ ಶಾಖ ಕೊಡುವ ಹೀಟ್ ಪಂಪ್. ಹಾಕಿಸಿ ಐದು ವರ್ಷ ಆಗಿತ್ತು. ಮೊದಲ ನಾಲ್ಕು ವರ್ಷ ಯಾವ ತಕರಾರೂ ಇರಲಿಲ್ಲ.

ಮನೆಯಲ್ಲಿ ಒಬ್ಬರು ಹಿರಿಯರಿದ್ದಾರೆ. ಮಂಡಿ ಆಪರೇಷನ್ ಆದ ಮೇಲೆ ದಿನಾ ಅರ್ಧ ಗಂಟೆ ನೀರಿನಲ್ಲಿ ನಡೆಯಬೇಕು ಎಂದು ಅವರಿಗೆ ಹೇಳಿದ್ದರು. ನೀರು 28 ಡಿಗ್ರಿ ಇದ್ದರೆ ಅವರು ಆರಾಮಾಗಿ ಇಳಿಯುತ್ತಿದ್ದರು. 25ಕ್ಕೆ ಇಳಿದರೆ ಮಂಡಿ ಬಿಗಿಯುತ್ತಿತ್ತು, ಹತ್ತು ನಿಮಿಷಕ್ಕೇ ಮೇಲೆ ಬಂದುಬಿಡುತ್ತಿದ್ದರು. ಮೂರು ಡಿಗ್ರಿ ಅಂದ್ರೆ ನಮಗೆ ಚಿಕ್ಕ ವಿಷಯ ಅನ್ನಿಸಬಹುದು. ಅವರಿಗೆ ಅದು ಆ ದಿನದ ನಡಿಗೆಯ ಪ್ರಶ್ನೆ.

ಹೀಟ್ ಪಂಪ್ ಹೇಗೆ ಕೆಲಸ ಮಾಡುತ್ತದೆ ಎಂದು ಎರಡು ಮಾತು ಹೇಳಿಬಿಡುತ್ತೇನೆ. ಇದು ಗೀಸರ್ ತರಹ ತಾನೇ ಶಾಖ ಹುಟ್ಟಿಸುವ ಯಂತ್ರ ಅಲ್ಲ. ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಎತ್ತಿಕೊಂಡು ಬಂದು ನೀರಿಗೆ ಹಾಕುತ್ತದೆ. ಹಿಂದೆ ಮತ್ತು ಪಕ್ಕದಲ್ಲಿ ತೆಳುವಾದ ಅಲ್ಯೂಮಿನಿಯಂ ಹಾಳೆಗಳ, ಅಂದರೆ ಫಿನ್‌ಗಳ ಸಾಲು ಇರುತ್ತದೆ. ಅವುಗಳ ಮಧ್ಯೆ ತಾಮ್ರದ ಕೊಳವೆ, ಕೊಳವೆಯೊಳಗೆ ತುಂಬಾ ತಣ್ಣಗಿರುವ ಗ್ಯಾಸ್. ಫ್ಯಾನ್ ಗಾಳಿಯನ್ನು ಫಿನ್‌ಗಳ ಮೂಲಕ ಎಳೆದು ಮುಂದಕ್ಕೆ ಬಿಡುತ್ತದೆ. ಆ ಗಾಳಿಯ ಶಾಖ ಗ್ಯಾಸಿಗೆ ಸೇರುತ್ತದೆ, ಕಂಪ್ರೆಸರ್ ಅದನ್ನು ಒತ್ತಿ ಇನ್ನೂ ಬಿಸಿ ಮಾಡುತ್ತದೆ, ಕೊನೆಗೆ ಟೈಟಾನಿಯಂ ಸುರುಳಿಯ ಮೂಲಕ ಆ ಬಿಸಿ ಕೊಳದ ನೀರಿಗೆ ದಾಟುತ್ತದೆ. ಹವೆ ಬೆಚ್ಚಗಿದ್ದಾಗ ಒಂದು ಯೂನಿಟ್ ಕರೆಂಟಿಗೆ ನಾಲ್ಕೈದು ಯೂನಿಟ್ ಶಾಖ ಸಿಗುವುದು ಇದೇ ಕಾರಣಕ್ಕೆ. ಉಳಿದದ್ದೆಲ್ಲ ಗಾಳಿ ಕೊಟ್ಟದ್ದು. ಗಾಳಿಯ ದಾರಿ ಕಟ್ಟಿದರೆ ಕರೆಂಟ್ ಮಾತ್ರ ಖರ್ಚಾಗುತ್ತದೆ, ಶಾಖ ಬರುವುದಿಲ್ಲ.

ಏನಾಯಿತು

ಐದನೇ ವರ್ಷ ಕೊಳದ ನೀರು 25ರ ಹತ್ತಿರವೇ ನಿಂತುಬಿಟ್ಟಿತು. ಯಂತ್ರ ಓಡುತ್ತಿತ್ತು, ಡಿಸ್‌ಪ್ಲೇಯಲ್ಲಿ ಯಾವ ಎರರ್ ಕೋಡೂ ಇರಲಿಲ್ಲ. ಕರೆಂಟ್ ಬಿಲ್ ಮಾತ್ರ ಏರುತ್ತಾ ಹೋಯಿತು.

ನನ್ನನ್ನು ಕರೆಯುವ ಮೊದಲು ಮನೆಯವರು ಮೂರು ಪ್ರಯತ್ನ ಮಾಡಿದ್ದರು. ಮೊದಲನೆಯದು, ಸೆಟ್ಟಿಂಗ್ ಅನ್ನು 28ರಿಂದ 32ಕ್ಕೆ ಏರಿಸಿದ್ದು. ತುಂಬಾ ಜನ ಹೀಗೆ ಮಾಡುತ್ತಾರೆ. ಆದರೆ ನೀರು 28 ಮುಟ್ಟದೇ ಇದ್ದಾಗ ಯಂತ್ರ ಆಗಲೇ ತನ್ನ ಪೂರ್ತಿ ಶಕ್ತಿಯಲ್ಲಿ ಓಡುತ್ತಿರುತ್ತದೆ. ಎಲ್ಲಿ ನಿಲ್ಲಬೇಕು ಎಂದು ಹೇಳುವ ಸಂಖ್ಯೆ ಅದು; ವೇಗಕ್ಕೂ ಅದಕ್ಕೂ ಸಂಬಂಧ ಇಲ್ಲ. ಎರಡನೆಯದು, ರಾತ್ರಿಯಿಡೀ ಓಡಿಸಿದ್ದು. ರಾತ್ರಿ ಗಾಳಿ ತಣ್ಣಗಿರುತ್ತದೆ, ಎತ್ತಿಕೊಳ್ಳಲು ಶಾಖ ಕಡಿಮೆ. ಅದರ ಮೇಲೆ ಕೊಳದ ಹೊದಿಕೆ ಸುತ್ತುವ ರೋಲರ್ ಮುರಿದು ಮೂರು ತಿಂಗಳಾಗಿತ್ತು, ಕೊಳ ರಾತ್ರಿಯೆಲ್ಲ ತೆರೆದೇ ಇರುತ್ತಿತ್ತು. ತೆರೆದ ಕೊಳ ಶಾಖ ಕಳೆದುಕೊಳ್ಳುವುದು ಎಲ್ಲಕ್ಕಿಂತ ಜಾಸ್ತಿ ನೀರು ಆವಿಯಾಗುವುದರಿಂದ. ಒಂದು ಕಡೆ ಶಾಖ ತುಂಬಿಸುತ್ತಿದ್ದರು, ಇನ್ನೊಂದು ಕಡೆ ಅದು ಸೋರುತ್ತಿತ್ತು.

ಮೂರನೆಯ ಪ್ರಯತ್ನವೇ ಎಡವಟ್ಟಾಯಿತು. ಕೊಳದ ಸುತ್ತಲಿನ ಕಲ್ಲುಹಾಸು ತೊಳೆಯಲು ಬಂದ ಕೆಲಸದವರು, ಹಾಗೇ ಹೀಟ್ ಪಂಪಿನ ಫಿನ್‌ಗಳನ್ನೂ ಪ್ರೆಶರ್ ವಾಷರಿನಲ್ಲಿ ತೊಳೆದುಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಕೆಲಸ. ತೊಳೆದ ಮೇಲೆ ಫಿನ್‌ಗಳು ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿದ್ದವು. ಮನೆಯವರಿಗೆ ಸಮಾಧಾನವಾಯಿತು: ಕ್ಲೀನಿಂಗ್ ಆಯಿತು, ಇನ್ನು ತೊಂದರೆ ಇದ್ದರೆ ಯಂತ್ರದ ಒಳಗೇ. ಆ ಹೊಳಪನ್ನು ನಂಬಿ ಎರಡು ತಿಂಗಳು ಕಳೆದವು.

ಆ ಎರಡು ತಿಂಗಳಲ್ಲಿ ಇನ್ನೊಂದು ಭಯ ಸೇರಿಕೊಂಡಿತು. ಬೆಳಗ್ಗೆ ಎದ್ದರೆ ಯಂತ್ರದ ಕೆಳಗೆ ನೀರಿನ ಮಡು. ಒಳಗಿನ ಕೊಳವೆ ಒಡೆದು ಕೊಳದ ನೀರು ಸೋರುತ್ತಿದೆ, ಯಂತ್ರವನ್ನೇ ಬದಲಿಸಬೇಕು ಎಂದು ಒಬ್ಬರು ಹೇಳಿದರು. ಫೋನಿನಲ್ಲಿ ಮನೆಯವರ ದನಿಯಲ್ಲಿದ್ದ ಆತಂಕ ನನಗೆ ಈಗಲೂ ನೆನಪಿದೆ.

ಮೊದಲ ತಿರುವು: ಎರಡು ಪಟ್ಟಿಗಳು

ನಾನು ಹೋದಾಗ ಬೆಳಗಿನ ಏಳು ಗಂಟೆ. ಹೊರಗೆ 18 ಡಿಗ್ರಿ. ಯಂತ್ರದ ಹಿಂಭಾಗ ನೋಡಿದೆ, ಫಿನ್‌ಗಳ ಮೇಲೆ ಬಿಳಿಯ ಹಿಮ ಕಟ್ಟಿತ್ತು. 18 ಡಿಗ್ರಿಯಲ್ಲಿ ಹಿಮ ಕಟ್ಟಬಾರದು. ಅದು ಮನಸ್ಸಿನಲ್ಲಿ ಉಳಿಯಿತು. ಆದರೆ ಮೊದಲು ಸೋರಿಕೆಯ ಭಯ ತೀರಬೇಕಿತ್ತು.

ಕ್ಲೋರಿನ್ ನೋಡುವ ಟೆಸ್ಟ್ ಸ್ಟ್ರಿಪ್ ಎರಡು ತೆಗೆದುಕೊಂಡೆ. ಒಂದನ್ನು ಕೊಳದಲ್ಲಿ ಅದ್ದಿದೆ, ಇನ್ನೊಂದನ್ನು ಯಂತ್ರದ ಕೆಳಗಿನ ಮಡುವಿನಲ್ಲಿ. ಎರಡನ್ನೂ ಕಲ್ಲಿನ ಮೇಲೆ ಪಕ್ಕಪಕ್ಕ ಇಟ್ಟು ಮನೆಯವರನ್ನು ಕರೆದೆ. ಕೊಳದ ಪಟ್ಟಿ ಗುಲಾಬಿಯಾಯಿತು. ಮಡುವಿನ ಪಟ್ಟಿ ಬಿಳಿಯಾಗಿಯೇ ಉಳಿಯಿತು. ಅಂದರೆ ಕೆಳಗಿದ್ದದ್ದು ಕೊಳದ ನೀರಲ್ಲ, ಗಾಳಿಯ ತೇವ ತಣ್ಣನೆಯ ಫಿನ್‌ಗಳ ಮೇಲೆ ಕೂತು ಇಳಿದ ನೀರು. ತೇವದ ಹವೆಯಲ್ಲಿ, ಸರಿಯಾಗಿ ಓಡುವ ಯಂತ್ರ ಕೂಡ ಗಂಟೆಗೆ ಲೀಟರುಗಟ್ಟಲೆ ಹೀಗೆ ಇಳಿಸಬಹುದು. ಇಲ್ಲಿ ಹಿಮ ಕಟ್ಟಿ ಒಟ್ಟಿಗೇ ಕರಗುತ್ತಿದ್ದರಿಂದ ಮಡು ದೊಡ್ಡದಾಗಿ ಕಾಣುತ್ತಿತ್ತು. ಪಟ್ಟಿ ಇಲ್ಲದಿದ್ದರೆ ಇನ್ನೊಂದು ದಾರಿ ಇದೆ: ಹೀಟಿಂಗ್ ಆಫ್ ಮಾಡಿ, ನೀರಿನ ಪಂಪ್ ಮಾತ್ರ ಒಂದೆರಡು ಗಂಟೆ ಓಡಿಸಿ. ತೊಟ್ಟಿಕ್ಕುವುದು ನಿಂತರೆ ಅದು ತೇವ. ನಿಲ್ಲದಿದ್ದರೆ ಸೋರಿಕೆ.

ಯಂತ್ರ ಬದಲಿಸುವ ಮಾತು ಅಲ್ಲಿಗೆ ನಿಂತಿತು.

ಎರಡನೇ ತಿರುವು: ಕೆಟ್ಟಂತೆ ಕಂಡ ಸಂಖ್ಯೆ

ಮುಂದಿನ ಕೆಲಸ ಅಳತೆ. ಹೀಟ್ ಪಂಪಿಗೆ ಒಳಹೋಗುವ ನೀರಿಗೂ ಹೊರಬರುವ ನೀರಿಗೂ ಎಷ್ಟು ಡಿಗ್ರಿ ವ್ಯತ್ಯಾಸ ಇದೆ ಎಂದು ನೋಡಿದೆ: 1.0. ಪೈಪಿನಲ್ಲಿ ಫ್ಲೋ ಮೀಟರ್ ಇತ್ತು, ಗಂಟೆಗೆ 4 ಘನ ಮೀಟರ್ ತೋರಿಸುತ್ತಿತ್ತು. ಫಿಲ್ಟರಿನ ಒತ್ತಡ ಜಾಸ್ತಿ ಇತ್ತು, ಹಾಗಾಗಿ ಬ್ಯಾಕ್‌ವಾಶ್ ಮಾಡಿಸಿದೆ, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರ್ ತೊಳೆಸಿದೆ. ಹರಿವು 5ಕ್ಕೆ ಏರಿತು. ನೀರಿನ ವ್ಯತ್ಯಾಸ ಮಾತ್ರ 0.8ಕ್ಕೆ ಇಳಿಯಿತು.

ಮನೆಯವರ ಮುಖ ಬಾಡಿತು. "ಫಿಲ್ಟರ್ ತೊಳೆದ ಮೇಲೆ ಇನ್ನೂ ಕೆಟ್ಟಿತಲ್ವಾ?"

ಅಲ್ಲೇ ಕೂತು ಲೆಕ್ಕ ತೋರಿಸಿದೆ. ನೀರಿಗೆ ಸೇರಿದ ಶಾಖ ಗೊತ್ತಾಗಬೇಕಾದರೆ ಹರಿವನ್ನು ವ್ಯತ್ಯಾಸದಿಂದ ಗುಣಿಸಿ, ಮತ್ತೆ 1.163ರಿಂದ ಗುಣಿಸಬೇಕು. ಕಿಲೋವಾಟಿನಲ್ಲಿ ಉತ್ತರ ಬರುತ್ತದೆ. ಮೊದಲು 4 ಮತ್ತು 1.0, ಆಮೇಲೆ 5 ಮತ್ತು 0.8. ಎರಡೂ ಸಲ ಉತ್ತರ ಸುಮಾರು 4.65. ನೀರು ಬೇಗ ಹರಿದರೆ ಪ್ರತಿ ಲೀಟರಿಗೆ ಸಿಗುವ ಬಿಸಿ ಕಡಿಮೆಯಾಗುತ್ತದೆ, ಒಟ್ಟು ಶಾಖ ಅಷ್ಟೇ ಇರುತ್ತದೆ. ಒಂದೇ ಸಂಖ್ಯೆ ನೋಡಿ ಹೆದರಿದ್ದರೆ ವಾಲ್ವ್ ತಿರುಗಿಸಿ ಹರಿವನ್ನು ಕಡಿಮೆ ಮಾಡಿಬಿಡುತ್ತಿದ್ದರು. ಹೊರಬರುವ ನೀರು ಬೆಚ್ಚಗೆ ಸಿಗುತ್ತಿತ್ತು, ಕೊಳ ಮಾತ್ರ ತಣ್ಣಗೇ ಇರುತ್ತಿತ್ತು.

ಈ ಲೆಕ್ಕದಿಂದ ಎರಡು ವಿಷಯ ತಿಳಿಯಿತು. ನೀರಿನ ಕಡೆ ತಡೆ ಇಲ್ಲ. ಮತ್ತೆ 12 ಕಿಲೋವಾಟಿನ ಯಂತ್ರ ಐದನ್ನೂ ಕೊಡುತ್ತಿಲ್ಲ. ಈ ಕೊಳವನ್ನು ಒಂದು ಡಿಗ್ರಿ ಏರಿಸಲು ಸುಮಾರು 56 ಯೂನಿಟ್ ಶಾಖ ಬೇಕು. 4.65 ಕಿಲೋವಾಟಿನಲ್ಲಿ ಅದಕ್ಕೆ ಹನ್ನೆರಡು ಗಂಟೆ. ಅಷ್ಟರಲ್ಲಿ ತೆರೆದ ಕೊಳ ಅಷ್ಟನ್ನೇ ಆಕಾಶಕ್ಕೆ ಬಿಟ್ಟುಕೊಡುತ್ತಿತ್ತು. 25ರಲ್ಲಿ ನಿಂತದ್ದರಲ್ಲಿ ಆಶ್ಚರ್ಯವೇ ಇಲ್ಲ.

ಮೂರನೇ ತಿರುವು: ಗ್ಯಾಸ್ ಹಾಕಿಸುವುದೋ ಬೇಡವೋ

ಅದೇ ದಿನ ಮಧ್ಯಾಹ್ನ ರೆಫ್ರಿಜರೇಷನ್ ಟೆಕ್ನೀಷಿಯನ್ ಬಂದರು. ಗೇಜ್ ಹಾಕಿ ನೋಡಿದರು, ಕಡಿಮೆ ಒತ್ತಡದ ಕಡೆ ಮುಳ್ಳು ಇರಬೇಕಾದ್ದಕ್ಕಿಂತ ಕೆಳಗಿತ್ತು. "ಗ್ಯಾಸ್ ಕಡಿಮೆ ಆಗಿದೆ, ತುಂಬಿಸೋಣ" ಎಂದರು. ಅನುಭವಸ್ಥರು, ಸುಮ್ಮನೆ ಹೇಳಿದ ಮಾತಲ್ಲ. ಒತ್ತಡ ಕಡಿಮೆ, ಹಿಮ ಕಟ್ಟಿದೆ, ಶಾಖ ಬರುತ್ತಿಲ್ಲ. ಮೂರೂ ಗ್ಯಾಸ್ ಕಡಿಮೆಯಾದ ಲಕ್ಷಣವೇ.

ಆದರೆ ಗಾಳಿ ಕಡಿಮೆಯಾದರೂ ಇದೇ ಮೂರು ಲಕ್ಷಣ ಕಾಣುತ್ತವೆ. ಗಾಳಿ ಬರದಿದ್ದರೆ ಗ್ಯಾಸಿಗೆ ಶಾಖ ಸಿಗುವುದಿಲ್ಲ, ಒತ್ತಡ ಇಳಿಯುತ್ತದೆ, ಫಿನ್ ತೀರಾ ತಣ್ಣಗಾಗಿ ಹಿಮ ಕೂರುತ್ತದೆ. ಬೆಳಗ್ಗೆ ನಾನು ನೋಡಿದ ಹಿಮ ಫಿನ್‌ಗಳ ತುಂಬ ಹರಡಿತ್ತು. ಗ್ಯಾಸ್ ಕಡಿಮೆಯಾದಾಗ ಸಾಮಾನ್ಯವಾಗಿ ಗ್ಯಾಸ್ ಒಳಬರುವ ತುದಿಯಲ್ಲಿ ಮಾತ್ರ ಹಿಮ ಕಟ್ಟುತ್ತದೆ. ಇನ್ನೊಂದು ಮಾತು: ಈ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿರಬೇಕು, ಮೊದಲು ಆ ಜಾಗ ಹುಡುಕಬೇಕು. ಟೆಕ್ನೀಷಿಯನ್ ಜೊತೆಗೇ ಕೂತು ಹುಡುಕಿದೆವು. ಗ್ಯಾಸ್ ಸೋರಿದ ಕಡೆ ಉಳಿಯುವ ಎಣ್ಣೆಯ ಕಲೆ ಎಲ್ಲೂ ಇರಲಿಲ್ಲ, ಲೀಕ್ ಡಿಟೆಕ್ಟರ್ ಸದ್ದು ಮಾಡಲಿಲ್ಲ.

ಈ ಪ್ರಕರಣದಲ್ಲಿ ನಾವು ತೆಗೆದುಕೊಂಡ ಮುಖ್ಯ ನಿರ್ಧಾರ ಇದೇ ಎಂದು ನನಗೆ ಅನ್ನಿಸುತ್ತದೆ. ಗ್ಯಾಸನ್ನು ಒಂದು ವಾರ ಮುಟ್ಟುವುದಿಲ್ಲ. ಮೊದಲು ಗಾಳಿಯ ದಾರಿ ಸರಿ ಮಾಡುತ್ತೇವೆ, ಆಮೇಲೆ ಮತ್ತೆ ಗೇಜ್ ಹಾಕುತ್ತೇವೆ. ಗಾಳಿ ಕಟ್ಟಿದ್ದಾಗಲೇ ಗ್ಯಾಸ್ ತುಂಬಿಸಿದ್ದರೆ, ದಾರಿ ತೆರೆದ ದಿನ ಅದು ಅತಿಯಾಗಿಬಿಡುತ್ತಿತ್ತು, ಕಂಪ್ರೆಸರಿಗೆ ಪೆಟ್ಟು ಬೀಳುತ್ತಿತ್ತು. ಟೆಕ್ನೀಷಿಯನ್ ಒಪ್ಪಿದರು. ಆ ದಿನ ಒಂದು ಸಿಲಿಂಡರ್ ಗ್ಯಾಸ್ ಖಾಲಿ ಮಾಡಿ ಹೋಗುವುದು ಅವರಿಗೆ ಸುಲಭವಾಗಿತ್ತು. ವಾರ ಬಿಟ್ಟು ಇನ್ನೊಮ್ಮೆ ಬರಲು ಒಪ್ಪಿದ್ದು ಅವರ ದೊಡ್ಡತನ.

ಕಾಗದದ ಪರೀಕ್ಷೆ

ಫಿನ್‌ಗಳು ಹೊಳೆಯುತ್ತಿದ್ದವು ಅಂದೆನಲ್ಲ. ಹತ್ತಿರ ಹೋಗಿ ನೋಡಿದಾಗ ಕಾರಣ ತಿಳಿಯಿತು. ಫಿನ್‌ಗಳು ಪುಸ್ತಕದ ಹಾಳೆಗಳ ಹಾಗೆ ನೆಟ್ಟಗೆ, ಪಕ್ಕಪಕ್ಕ, ನಡುವೆ ಒಂದೆರಡು ಮಿಲಿಮೀಟರ್ ಜಾಗ ಬಿಟ್ಟು ನಿಂತಿರಬೇಕು. ಇಲ್ಲಿ ಪ್ರೆಶರ್ ವಾಷರಿನ ನೀರು ಹೋದ ದಾರಿಯಲ್ಲೆಲ್ಲ ಪಟ್ಟೆಪಟ್ಟೆಯಾಗಿ ಅವು ಮಗುಚಿ, ಒಂದರ ಮೇಲೊಂದು ಮಲಗಿದ್ದವು. ಮಲಗಿದ ಲೋಹದ ಮೇಲೆ ಬೆಳಕು ಬಿದ್ದು ಹೊಳೆಯುತ್ತಿತ್ತು. ಆ ಹೊಳಪೇ ಮುಚ್ಚಿದ ಬಾಗಿಲು.

ಯಂತ್ರ ಓಡುತ್ತಿರುವಾಗ ಒಂದು ಬಿಳಿ ಕಾಗದವನ್ನು ಫಿನ್‌ಗಳ ಹತ್ತಿರ ಹಿಡಿದೆ. ಗಾಳಿ ಸರಿಯಾಗಿ ಎಳೆಯುತ್ತಿದ್ದರೆ ಕಾಗದ ಪಟ್ಟನೆ ಅಂಟಿಕೊಳ್ಳಬೇಕು. ಮೇಲಿನ ಬಲ ಮೂಲೆಯಲ್ಲಿ ಅಂಟಿತು. ಮಧ್ಯದಲ್ಲಿ ಸ್ವಲ್ಪ ತಡೆದು ಜಾರಿತು. ಕೆಳಗಡೆ ಕೈಬಿಟ್ಟ ಕೂಡಲೇ ನೆಲಕ್ಕೆ ಬಿತ್ತು. ಹಿರಿಯರು ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. "ಉಸಿರು ಕಟ್ಟಿದೆ ಪಾಪ" ಎಂದರು. ನನಗೆ ಅದಕ್ಕಿಂತ ಸರಿಯಾದ ಮಾತು ಹೊಳೆಯಲಿಲ್ಲ.

ಯಂತ್ರದ ಎದುರು ಅರವತ್ತು ಸೆಂಟಿಮೀಟರ್ ದೂರದಲ್ಲಿ ಒಂದು ಮರದ ತಡಿಕೆ ಇತ್ತು. ಚೆಂದ ಕಾಣಲಿ, ಸದ್ದು ಕಡಿಮೆಯಾಗಲಿ ಎಂದು ಹಿಂದಿನ ವರ್ಷ ಹಾಕಿಸಿದ್ದರು. ಯಂತ್ರ ಬಿಟ್ಟ ತಣ್ಣನೆಯ ಗಾಳಿ ಆ ತಡಿಕೆಗೆ ಬಡಿದು, ಸುತ್ತಿ, ಹಿಂದಿನಿಂದ ಮತ್ತೆ ಒಳಗೇ ಬರುತ್ತಿತ್ತು. ಥರ್ಮಾಮೀಟರ್ ಹಿಡಿದು ನೋಡಿದೆ: ಬಯಲಲ್ಲಿ 22 ಡಿಗ್ರಿ, ಫಿನ್‌ಗಳ ಹತ್ತಿರ 17. ಐದು ಡಿಗ್ರಿ ಅಲ್ಲೇ ಹೋಗುತ್ತಿತ್ತು. ನಾನು ನೋಡಿದ ಕೈಪಿಡಿಗಳಲ್ಲಿ ಗಾಳಿ ಹೊರಬರುವ ಕಡೆ ಸಾಮಾನ್ಯವಾಗಿ ಎರಡು-ಎರಡೂವರೆ ಮೀಟರ್ ಬಯಲು ಬಿಡಿ ಎಂದಿರುತ್ತದೆ. ಹಿಂಭಾಗದಲ್ಲಿ ಬೇಲಿ ಗಿಡವೂ ಬೆಳೆದು ಫಿನ್‌ಗಳಿಗೆ ತಾಗುತ್ತಿತ್ತು.

ಒಂದೊಂದಾಗಿ

ಎಲ್ಲವನ್ನೂ ಒಂದೇ ದಿನ ಮಾಡಿ ಮುಗಿಸೋಣ ಎಂದು ಮನೆಯವರು ಕೇಳಿದರು. ನಾನು ಬೇಡ ಎಂದೆ. ಒಟ್ಟಿಗೆ ಮಾಡಿದರೆ ಯಾವುದರಿಂದ ಎಷ್ಟು ಲಾಭವಾಯಿತು ಎಂದು ಯಾವತ್ತಿಗೂ ಗೊತ್ತಾಗುವುದಿಲ್ಲ. ಒಂದು ಬದಲಾವಣೆ, ಮರುದಿನ ಮಧ್ಯಾಹ್ನ ಅಳತೆ, ಆಮೇಲೆ ಮುಂದಿನದು. ಹರಿವನ್ನು 5ರಲ್ಲೇ ಇಟ್ಟೆವು. ಹೊರಗೆ 22 ಡಿಗ್ರಿ ಹತ್ತಿರ ಇದ್ದಾಗ ಮಾತ್ರ ಅಳೆದೆವು.

ತಡಿಕೆ ತೆಗೆದು ಗಿಡ ಕತ್ತರಿಸಿದೆವು. ನೀರಿನ ವ್ಯತ್ಯಾಸ 0.8ರಿಂದ 1.1ಕ್ಕೆ ಬಂತು. ಒಂದು ಪೈಸೆ ಖರ್ಚಿಲ್ಲದ ಕೆಲಸ.

ಆಮೇಲೆ ತೊಳೆಯುವುದು. ಬ್ರೇಕರ್ ಆಫ್ ಮಾಡಿ, ಯಾರೂ ಹಾಕದಂತೆ ಬೀಗ ಹಾಕಿದೆವು. ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು, ಒಳಗೆ ಕರೆಂಟ್ ಇರುತ್ತದೆ. ಮೊದಲು ಮೆತ್ತನೆಯ ಬ್ರಷ್ ಇರುವ ವ್ಯಾಕ್ಯೂಮ್ ಕ್ಲೀನರಿನಲ್ಲಿ ಒಣ ಕಸ, ಹುಲ್ಲಿನ ಚೂರು ಎಳೆದೆವು. ಟೆಕ್ನೀಷಿಯನ್ ಮೇಲಿನ ಮುಚ್ಚಳ ತೆಗೆದುಕೊಟ್ಟಿದ್ದರು. ವಿದ್ಯುತ್ ಭಾಗಕ್ಕೆ ಪ್ಲಾಸ್ಟಿಕ್ ಸುತ್ತಿ, ತೋಟದ ಪೈಪಿನಿಂದ ಸಣ್ಣ ಧಾರೆಯಲ್ಲಿ ಒಳಗಿನಿಂದ ಹೊರಕ್ಕೆ ನೀರು ಬಿಟ್ಟೆವು. ಗಾಳಿ ಹೊರಗಿನಿಂದ ಒಳಕ್ಕೆ ಧೂಳು ತಳ್ಳಿರುತ್ತದೆ. ಹೊರಗಿನಿಂದ ಜೋರಾಗಿ ನೀರು ಹೊಡೆದರೆ ಅದು ಇನ್ನೂ ಆಳಕ್ಕೆ ಹೋಗಿ ಕೂರುತ್ತದೆ. ಹಿಂದಿನ ಸಲ ಆದದ್ದೂ ಅದೇ: ಈಗ ತೊಳೆದಾಗ ಕಂದು ಬಣ್ಣದ ಕೆಸರು ಅರ್ಧ ಗಂಟೆ ಇಳಿಯುತ್ತಲೇ ಇತ್ತು. ಮುಚ್ಚಳ ತೆಗೆಯಲು ಬರದ ಮನೆಗಳಲ್ಲಿ ಹೊರಗಿನಿಂದಲೇ ಮೇಲಿಂದ ಕೆಳಕ್ಕೆ ಮೆಲ್ಲಗೆ ನೀರು ಇಳಿಬಿಟ್ಟರೂ ಪರವಾಗಿಲ್ಲ. ಮರುದಿನದ ಅಳತೆ 1.3.

ಕೊನೆಗೆ ಫಿನ್ ನೆಟ್ಟಗೆ ಮಾಡುವ ಬಾಚಣಿಗೆ. ಇದು ತಾಳ್ಮೆಯ ಕೆಲಸ. ಬಾಚಣಿಗೆಯ ಹಲ್ಲಿನ ಅಂತರ ಫಿನ್‌ಗಳ ಅಂತರಕ್ಕೆ ಸರಿಹೊಂದಬೇಕು. ಚೆನ್ನಾಗಿರುವ ಜಾಗದಲ್ಲಿ ಹಲ್ಲು ಇಳಿಸಿ, ಫಿನ್ ಇರುವ ದಿಕ್ಕಿನಲ್ಲೇ ಮಲಗಿದ ಕಡೆಗೆ ನಿಧಾನಕ್ಕೆ ಎಳೆಯಬೇಕು. ಆಳಕ್ಕೆ ಒತ್ತಿದರೆ ಹಿಂದಿನ ತಾಮ್ರದ ಕೊಳವೆಗೆ ತೂತು ಬೀಳಬಹುದು. ಎರಡು ಮಧ್ಯಾಹ್ನ ಹಿಡಿಯಿತು. ಮುಗಿದ ಮೇಲೆ ಅಳತೆ 1.8. ಗುಣಿಸಿದರೆ ಸುಮಾರು ಹತ್ತೂವರೆ ಕಿಲೋವಾಟ್. ಮೊದಲಿದ್ದದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ.

ವಾರದ ಕೊನೆಗೆ ಟೆಕ್ನೀಷಿಯನ್ ಗೇಜ್ ಹಾಕಿದರು. ಒತ್ತಡ ಇರಬೇಕಾದಲ್ಲೇ ಇತ್ತು. ಒಂದು ಗ್ರಾಂ ಗ್ಯಾಸೂ ಹಾಕಲಿಲ್ಲ. ರೋಲರ್ ರಿಪೇರಿಯಾಗಿ ರಾತ್ರಿ ಹೊದಿಕೆ ಬಂತು, ಯಂತ್ರ ಹಗಲಿನ ಬೆಚ್ಚನೆಯ ಹೊತ್ತಿನಲ್ಲಿ ಓಡತೊಡಗಿತು. ಆರನೇ ದಿನ ಕೊಳ 28 ಮುಟ್ಟಿತು. ಸೆಟ್ಟಿಂಗ್ ಮತ್ತೆ 28ಕ್ಕೇ ಇಳಿಸಿದೆವು.

ತಡವಾಗಿ ಕಂಡದ್ದು

ಒಂದು ತಪ್ಪು ನನ್ನದೂ ಇದೆ. ಬಾಚುವಾಗ ಕೆಳಗಿನ ಅಂಚಿನಲ್ಲಿ, ಸುಮಾರು ಒಂದು ಗೇಣು ಅಗಲ, ಫಿನ್‌ಗಳು ನೆಟ್ಟಗಾಗಲಿಲ್ಲ. ಹಲ್ಲು ತಾಗಿದ ಕೂಡಲೇ ಒಣಗಿದ ಎಲೆಯ ಹಾಗೆ ಪುಡಿಯಾದವು, ಬೆರಳಿಗೆ ಬಿಳಿ ಪುಡಿ ಅಂಟಿತು. ಪ್ರೆಶರ್ ವಾಷರಿನ ಪೆಟ್ಟೇ ಇರಬೇಕು ಎಂದುಕೊಂಡು ಬಿಟ್ಟೆ. ತಿಂಗಳ ನಂತರ ಮತ್ತೆ ಹೋದಾಗ ಪುಡಿ ಇನ್ನೂ ಸ್ವಲ್ಪ ಮೇಲಕ್ಕೆ ಹರಡಿತ್ತು. ಆಗ ಕಣ್ಣಿಗೆ ಬಿತ್ತು: ಯಂತ್ರದ ಹಿಂದೆ, ಎರಡಡಿ ದೂರದಲ್ಲಿ, ಕ್ಲೋರಿನ್ ಗುಳಿಗೆಗಳ ಡಬ್ಬ. ಮುಚ್ಚಳ ಸಡಿಲ. ಅದರ ಆವಿಯನ್ನು ಫ್ಯಾನ್ ದಿನವಿಡೀ ಫಿನ್‌ಗಳ ಮೂಲಕ ಎಳೆಯುತ್ತಿತ್ತು, ಅಲ್ಯೂಮಿನಿಯಂ ಕರಗುತ್ತಿತ್ತು. ಮೊದಲ ದಿನವೇ ಆ ಡಬ್ಬವನ್ನು ದಾಟಿಕೊಂಡು ನಾನು ಹತ್ತು ಸಲ ಓಡಾಡಿದ್ದೆ. ಬಿಳಿ ಪುಡಿ ಕಂಡಾಗಲೇ ಯಾಕೆ ಎಂದು ಕೇಳಬೇಕಿತ್ತು.

ಡಬ್ಬ ಬೇರೆ ಜಾಗಕ್ಕೆ ಹೋಯಿತು. ಗುಳಿಗೆಗಳನ್ನು ಸ್ಕಿಮ್ಮರಿನಲ್ಲಿ, ಅಂದರೆ ಕೊಳದ ಅಂಚಿನಲ್ಲಿ ಮೇಲಿನ ನೀರನ್ನು ಪಂಪಿಗೆ ಎಳೆದುಕೊಳ್ಳುವ ಬುಟ್ಟಿಯಲ್ಲಿ, ಹಾಕುವ ಅಭ್ಯಾಸವನ್ನೂ ಬಿಡಿಸಿದೆವು. ಪಂಪ್ ನಿಂತಾಗ ಸ್ಕಿಮ್ಮರಿನಲ್ಲಿ ಗುಳಿಗೆ ಕರಗುತ್ತಲೇ ಇರುತ್ತದೆ, ಪಂಪ್ ಶುರುವಾದ ಕೂಡಲೇ ಆ ತೀವ್ರ ಆಮ್ಲೀಯ ನೀರು ನೇರ ಹೀಟ್ ಪಂಪಿನೊಳಗೆ ನುಗ್ಗುತ್ತದೆ. ಕ್ಲೋರಿನ್ ಕೊಡುವ ಸಾಧನ ಯಾವಾಗಲೂ ಹೀಟ್ ಪಂಪ್ ದಾಟಿದ ಮೇಲೆ ಇರಬೇಕು. ನೀರಿನ ಪಿಎಚ್ (ಆಮ್ಲೀಯತೆಯ ಅಳತೆ, ಸಂಖ್ಯೆ ಇಳಿದಷ್ಟೂ ಆಮ್ಲ ಜಾಸ್ತಿ) 7.2ರಿಂದ 7.6ರ ನಡುವೆ ಇರಲಿ ಎಂದೂ ಹೇಳಿದೆ. ಕೆಳಗಿಳಿದರೆ ಲೋಹ ತಿನ್ನುತ್ತದೆ, ತುಂಬಾ ಮೇಲೇರಿದರೆ ಸುಣ್ಣ ಕಟ್ಟುತ್ತದೆ.

ಈಗ ಆ ಮನೆಯಲ್ಲಿ ಯಂತ್ರದ ಪಕ್ಕದ ಗೋಡೆಗೆ ಒಂದು ಪುಸ್ತಕ ನೇತುಹಾಕಿದ್ದಾರೆ. ತಿಂಗಳಿಗೊಮ್ಮೆ ಹೊರಗಿನ ತಾಪ, ಹರಿವು, ನೀರಿನ ವ್ಯತ್ಯಾಸ ಬರೆಯುತ್ತಾರೆ. ಹುಲ್ಲು ಕತ್ತರಿಸುವ ದಿನ ಯಂತ್ರ ಆಫ್ ಮಾಡಿ, ಮುಗಿದ ಮೇಲೆ ಫಿನ್‌ಗಳಿಗೆ ಬ್ರಷ್ ಆಡಿಸುತ್ತಾರೆ. ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಕಡೆ ಇರುವವರು ಇದಕ್ಕೆ ಇನ್ನೊಂದು ಸೇರಿಸಿಕೊಳ್ಳಬೇಕು: ಚಳಿಗಾಲಕ್ಕೆ ಮೊದಲು ಪೈಪಿನ ಜೋಡಣೆ ಬಿಚ್ಚಿ ಯಂತ್ರದೊಳಗಿನ ನೀರು ಪೂರ್ತಿ ಇಳಿಸಬೇಕು. ಹೆಪ್ಪುಗಟ್ಟಿದ ನೀರು ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ಒಳಗೆ ಉಳಿದರೆ ಒಡೆದೇ ತೀರುತ್ತದೆ.

ಕಾಗದದ ಪರೀಕ್ಷೆಯನ್ನು ಹಿರಿಯರೇ ವಹಿಸಿಕೊಂಡಿದ್ದಾರೆ. ನೀರಿಗೆ ಇಳಿಯುವ ಮೊದಲು ಒಂದು ಹಾಳೆ ಹಿಡಿದು ನೋಡುತ್ತಾರಂತೆ. ಮೇಲೆ, ಮಧ್ಯೆ ಎಲ್ಲ ಕಡೆ ಅಂಟುತ್ತದೆ. ಕೆಳಗಿನ ಆ ಒಂದು ಗೇಣಿನಲ್ಲಿ ಇವತ್ತಿಗೂ ಜಾರಿ ಬೀಳುತ್ತದೆ. ಪುಡಿಯಾದ ಫಿನ್ ಮತ್ತೆ ಬರುವುದಿಲ್ಲ. ಆ ಗೇಣು ಎಲ್ಲಿಯವರೆಗೆ ಇದೆ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆದು ಬಂದಿದ್ದೇನೆ. ಹೋದ ಸಲ ನೋಡಿದಾಗ ಪುಡಿ ಆ ಗೆರೆ ದಾಟಿರಲಿಲ್ಲ.